ಖಿನ್ನತೆಯ ಗುಳಿಗೆ ವರ್ಷಗಟ್ಟಲೆ ತಗೊಂಡರೆ ನಡೆಯುವಾಗ ಆಯ ತಪ್ಪುತ್ತದೆಯಾ? ಗೊತ್ತಿದ್ದವರು ಹೇಳಿ

ಕಲಬುರಗಿ ಮಗಳು

ನೇರವಾಗಿ ಕೇಳಿಬಿಡುತ್ತೇನೆ. ನಮ್ಮ ಅವ್ವನಿಗೆ ಅರವತ್ತೆಂಟು. ಅಪ್ಪ ತೀರಿಕೊಂಡ ಮೇಲೆ ಊಟ, ನಿದ್ದೆ, ಮಾತು ಎಲ್ಲ ಬಿಟ್ಟು ಮೂಲೆ ಹಿಡಿದಿದ್ದಳು. ಆಗ ಶುರುವಾದ ಖಿನ್ನತೆಯ ಗುಳಿಗೆ ಅವಳನ್ನು ನಮಗೆ ಉಳಿಸಿಕೊಟ್ಟಿತು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅದೇ ಗುಳಿಗೆ ಇವತ್ತಿಗೂ ನಡೆದಿದೆ.

ಈಗ ಕೆಲವು ತಿಂಗಳಿಂದ ನಡಿಗೆ ಸರಿ ಇಲ್ಲ. ತಲೆ ಗಿರ್ರನೆ ತಿರುಗುವುದಿಲ್ಲ ಅಂತಾಳೆ. ಕಾಲು ಒಂದು ಕಡೆ ಎಳೆದುಕೊಂಡು ಹೋದಂತೆ, ಮೈ ಜೋಲಿ ಹೊಡೆದಂತೆ ಆಗುತ್ತದಂತೆ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾಳೆ. ಸೂಪರ್ ಮಾರ್ಕೆಟ್ ಕಡೆ ಹೋದರೆ ಆ ಗದ್ದಲದಲ್ಲಿ ನನ್ನ ತೋಳು ಬಿಡುವುದೇ ಇಲ್ಲ. ಶರಣಬಸವೇಶ್ವರ ಗುಡಿಗೆ ಒಬ್ಬಳೇ ಹೋಗಿ ಬರುತ್ತಿದ್ದವಳು ಈಗ ಮೆಟ್ಟಿಲು ಅಂದರೆ ಹೆದರುತ್ತಾಳೆ. ಒಂದು ಕಡೆ ತೋರಿಸಿದೆವು. ಐದು ನಿಮಿಷ ನೋಡಿ ಚಕ್ಕರ್‌ಗೆ ಅಂತ ಇನ್ನೊಂದು ಗುಳಿಗೆ ಬರೆದುಕೊಟ್ಟರು. ಅದರಿಂದ ನಡಿಗೆ ಸುಧಾರಿಸಲಿಲ್ಲ, ಅವ್ವ ಇನ್ನಷ್ಟು ಮಂಕಾದಳು. ಬಂಧುಗಳೆಲ್ಲ ಒಂದೇ ಮಾತು ಹೇಳುತ್ತಾರೆ: ಆ ತಲೆ ಗುಳಿಗೆ ನರ ಸಡಿಲ ಮಾಡುತ್ತದೆ, ನಿಲ್ಲಿಸಿಬಿಡು. ನಿಲ್ಲಿಸಲು ನನಗೆ ಧೈರ್ಯ ಇಲ್ಲ, ಹೀಗೇ ಬಿಡಲೂ ಮನಸ್ಸಿಲ್ಲ.

ಯಾದಗಿರಿ ಹುಡುಗ

ಅಕ್ಕಾ, ದಯವಿಟ್ಟು ಒಮ್ಮೆಗೇ ನಿಲ್ಲಿಸಬೇಡಿ. ನಾನು ಪ್ಯಾರೊಕ್ಸೆಟಿನ್ ಅನ್ನುವ ಖಿನ್ನತೆಯ ಗುಳಿಗೆ ತಗೊಳ್ಳುವವನು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಕಡೆ ಮೆಡಿಕಲ್‌ಗಳಲ್ಲಿ ಆ ಗುಳಿಗೆ ಸಿಗದೇ ಹೋಯಿತು. ಎರಡನೇ ದಿನಕ್ಕೇ ಶುರು. ಕಣ್ಣು ಆ ಕಡೆಯಿಂದ ಈ ಕಡೆ ಹೊರಳಿಸಿದರೆ ತಲೆಯೊಳಗೆ ಝಲ್ ಅಂತ ಕರೆಂಟ್ ಹೊಡೆದ ಹಾಗೆ, ನಿಂತರೆ ನೆಲ ಅಲ್ಲಾಡಿದ ಹಾಗೆ, ವಾಂತಿ, ಬೆವರು, ಸುಮ್ನೆ ಅಳು. ಮನೆಯವರು ಹಳೇ ಕಾಯಿಲೆ ತಿರುಗಿ ಬಂತು ಅಂದುಕೊಂಡರು. ಗುಳಿಗೆ ಸಿಕ್ಕ ಮೇಲೆ ಒಂದೆರಡು ದಿನದಲ್ಲಿ ಎಲ್ಲ ಇಳಿಯಿತು. ಆಮೇಲೆ ಡಾಕ್ಟರ್ ತಿಳಿಸಿದರು, ಇದು ಗುಳಿಗೆ ತಟ್ಟನೆ ನಿಂತದ್ದಕ್ಕೆ ಮೈ ತೋರಿಸುವ ಪ್ರತಿಕ್ರಿಯೆ. ಮೈಯಿಂದ ಬೇಗ ಹೊರಹೋಗುವ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಇಂಥವುಗಳಲ್ಲಿ ಜಾಸ್ತಿ, ನಿಧಾನಕ್ಕೆ ಹೋಗುವ ಫ್ಲುಯಾಕ್ಸೆಟಿನ್‌ನಲ್ಲಿ ಕಡಿಮೆ.

ಒಂದು ಕೇಳುತ್ತೇನೆ. ಅವ್ವ ನಡುವೆ ಗುಳಿಗೆ ತಪ್ಪಿಸುತ್ತಾರಾ? ಮರೆತು ಒಂದು ದಿನ ಬಿಟ್ಟು ಒಂದು ದಿನ ನುಂಗಿದರೂ ಹೀಗೆ ಜೋಲಿ ಬರುತ್ತದೆ. ಆಗ ತಪ್ಪು ಗುಳಿಗೆಯದಲ್ಲ, ಬಿಟ್ಟು ಬಿಟ್ಟು ತಗೊಂಡದ್ದರದ್ದು.

ಕಲಬುರಗಿ ಮಗಳು

ಇಲ್ಲ ತಮ್ಮಾ, ರಾತ್ರಿ ಊಟ ಆದ ಮೇಲೆ ನಾನೇ ಕೈಗೆ ಕೊಡುತ್ತೇನೆ. ತಪ್ಪಿಲ್ಲ.

ಬೀದರ್ ಫಿಸಿಯೋ

ನಾನು ಬೀದರ್‌ನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಬಿದ್ದು ಬಂದವರನ್ನು ದಿನವೂ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾವು ನೆಟ್ಟಗೆ ನಿಲ್ಲಬೇಕಾದರೆ ಮೂರು ಕಡೆಯಿಂದ ಸುದ್ದಿ ಬರಬೇಕು. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಎರಡು ಸಣ್ಣ ಚೀಲಗಳಿವೆ. ತಲೆ ಯಾವ ಕಡೆ ತಿರುಗಿತು, ಬಾಗಿತು ಅನ್ನುವುದನ್ನು ಅವು ಹೇಳುತ್ತವೆ. ಎರಡನೆಯದು ಕಣ್ಣು. ಮೂರನೆಯದು ಪಾದ, ಕೀಲು, ಸ್ನಾಯುಗಳಿಂದ ನರದ ಮೂಲಕ ಬರುವ ಸುದ್ದಿ. ಇವು ಮೂರು ಕಲ್ಲಿನ ಒಲೆ ಇದ್ದ ಹಾಗೆ, ಒಂದು ಕಲ್ಲು ಜರುಗಿದರೆ ಮೇಲಿನ ಗಡಿಗೆ ವಾಲುತ್ತದೆ. ಮೂರನ್ನೂ ಕೂಡಿಸಿ ಲೆಕ್ಕ ಹಾಕುವುದು ಮಿದುಳಿನ ಕಾಂಡ ಮತ್ತು ಹಿಂದಿನ ಸಣ್ಣ ಮಿದುಳು. ಈ ಜಾಗಗಳಲ್ಲಿ ನರದಿಂದ ನರಕ್ಕೆ ಸುದ್ದಿ ಸಾಗಿಸುವ ಸೆರೊಟೋನಿನ್ ಅನ್ನುವ ರಾಸಾಯನಿಕ ಕೂಡ ಕೆಲಸ ಮಾಡುತ್ತದೆ. ಖಿನ್ನತೆಯ ಗುಳಿಗೆ ಮುಟ್ಟುವುದು ಇದೇ ಸೆರೊಟೋನಿನ್ ಅನ್ನು. ಹಾಗಾಗಿ ಗುಳಿಗೆ ಶುರು ಮಾಡಿದಾಗ, ಪ್ರಮಾಣ ಏರಿಸಿದಾಗ ಅಥವಾ ಇಳಿಸಿದಾಗ ತಲೆ ಹಗುರ ಅನ್ನಿಸುವುದು, ತೂರಾಡುವುದು ಇರುವಂಥದ್ದೇ. ಬಹಳ ಜನರಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ.

ನಿಮ್ಮ ಅವ್ವನದು ಬೇರೆ. ವರ್ಷಗಟ್ಟಲೆ ಒಂದೇ ಗುಳಿಗೆ, ತೊಂದರೆ ಈಗ ಬಂದಿದೆ. ಗುಳಿಗೆ ಅದೇ ಇರಬಹುದು, ಆದರೆ ಐವತ್ತೈದರ ಮೈ ಬೇರೆ, ಅರವತ್ತೆಂಟರ ಮೈ ಬೇರೆ. ಯಕೃತ್ತು, ಮೂತ್ರಪಿಂಡ ನಿಧಾನ ಆಗಿರುತ್ತವೆ. ಅದೇ ಪ್ರಮಾಣ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ನಡುವೆ ಬಿಪಿ ಗುಳಿಗೆ, ಶುಗರ್ ಗುಳಿಗೆ ಬಂದು ಸೇರಿರುತ್ತವೆ. ಆದ್ದರಿಂದ "ಇದರಿಂದಲೇ" ಅಂತಲೋ "ಇದರಿಂದಲ್ಲ" ಅಂತಲೋ ಒಂದೇ ಏಟಿಗೆ ಹೇಳುವವರನ್ನು ನಂಬಬೇಡಿ.

ಇಷ್ಟು ಗಮನಿಸಿ ಹೇಳಿ. ಮಲಗಿ ಹೊರಳಿದಾಗ ಕೆಲವು ಸೆಕೆಂಡು ಕೋಣೆ ಗಿರಗಿರ ತಿರುಗುತ್ತದೆಯಾ? ಹಾಗಿದ್ದರೆ ಒಳಗಿವಿಯ ಹರಳು ಜಾರಿರಬಹುದು. ಅದಕ್ಕೆ ಗುಳಿಗೆಗಿಂತ ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನವೇ ಮದ್ದು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬರುತ್ತದೆಯಾ? ಅದು ಬಿಪಿ ಕಡೆ ಬೆರಳು ತೋರಿಸುತ್ತದೆ. ಬೆಳಗ್ಗೆ ಮುಖ ತೊಳೆಯಲು ಕಣ್ಣು ಮುಚ್ಚಿದ ಕೂಡಲೇ ವಾಲುತ್ತಾರಾ? ಆಗ ಪಾದದ ಸುದ್ದಿ ಸರಿಯಾಗಿ ಬರುತ್ತಿಲ್ಲ ಅಂತ.

ಹುಮನಾಬಾದ್ ಮೆಡಿಕಲ್

ತಂಗಿ, ಸ್ಟ್ರಿಪ್ ಹಿಂದೆ ತಿರುಗಿಸಿ ಓದು. ಕಂಪನಿ ಇಟ್ಟ ಹೆಸರು ಬೇಡ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧದ ಹೆಸರು ಎಷ್ಟಿವೆ ನೋಡು, ಒಂದಾ ಎರಡಾ? ನನ್ನ ಅಂಗಡಿಗೆ ಹಳೇ ಚೀಟಿ ಹಿಡಿದು ಬರುವವರಲ್ಲಿ ಬಹಳ ಜನರದ್ದು ಜೋಡಿ ಗುಳಿಗೆ. ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಾಜೆಪಾಮ್, ಇಲ್ಲವೇ ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್. ಮೊದಲನೆಯದು ಖಿನ್ನತೆಗೆ. ಎರಡನೆಯದು ಗಾಬರಿ ತಗ್ಗಿಸಲು, ನಿದ್ದೆ ಬರಲು. ಸಾಮಾನ್ಯವಾಗಿ ಶುರುವಿನ ಕೆಲವು ವಾರಗಳಿಗೆ ಅಂತ ಕೊಡುವಂಥದ್ದು. ಚೀಟಿ ಬದಲಾಗದೇ ವರ್ಷಗಟ್ಟಲೆ ನಡೆದುಬಿಡುತ್ತದೆ. ಮನೆಯವರಿಗೆ ಒಂದೇ ಗುಳಿಗೆ ಕಾಣುತ್ತದೆ, ಒಳಗೆ ಎರಡು ಇರುತ್ತವೆ.

ಆಯ ತಪ್ಪಿಸುವುದರಲ್ಲಿ ಈ ಎರಡನೆಯದರ ಕೈ ದೊಡ್ಡದು. ಕ್ಲೋನಾಜೆಪಾಮ್ ಅರ್ಧದಷ್ಟು ಇಳಿಯಲು 30ರಿಂದ 40 ಗಂಟೆ ಬೇಕು. ದಿನಾ ರಾತ್ರಿ ತಗೊಂಡರೆ ನಿನ್ನೆಯದು ಹೋಗುವ ಮೊದಲೇ ಇವತ್ತಿನದು ಬಂದು ಕೂಡುತ್ತದೆ. ವಯಸ್ಸಾದವರು ಕುಡಿದವರಂತೆ ಕಾಲು ಅಗಲಿಸಿ ನಡೆಯುವುದು, ಮಾತು ತೊದಲುವುದು, ಮಂಕು, ಎಲ್ಲ ಇದರಿಂದ ಬರುತ್ತದೆ. ಆದರೆ ಇದನ್ನೂ ತಟ್ಟನೆ ನಿಲ್ಲಿಸುವಂತಿಲ್ಲ, ಫಿಟ್ಸ್ ಬರುವ ಅಪಾಯ ಇದೆ.

ಮನೆಯಲ್ಲಿರುವ ಎಲ್ಲ ಗುಳಿಗೆಗಳ ಹೆಸರು ಇಲ್ಲಿ ಬರೆ. ಬಿಪಿದು, ಚಕ್ಕರ್‌ದು, ಎಲ್ಲ.

ಕಲಬುರಗಿ ಮಗಳು

ಅಣ್ಣಾ, ಈಗಷ್ಟೇ ನೋಡಿದೆ. ನೀವು ಹೇಳಿದ ಹಾಗೇ ಇದೆ. ಎಸ್ಸಿಟಲೋಪ್ರಾಮ್ 10, ಕ್ಲೋನಾಜೆಪಾಮ್ 0.5. ಎರಡು ಔಷಧ ಇವೆ ಅಂತ ಇಷ್ಟು ವರ್ಷ ನಮಗೆ ಯಾರೂ ಹೇಳಿರಲಿಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಇರುವ ಗುಳಿಗೆ, ಹೋದ ವರ್ಷ ಶುರು ಆಗಿದ್ದು. ಚಕ್ಕರ್‌ಗೆ ಕೊಟ್ಟದ್ದು ಸಿನ್ನರಿಜಿನ್.

ಫಿಸಿಯೋ ಮೇಡಂ, ಕೋಣೆ ತಿರುಗುವುದಿಲ್ಲ. ಎದ್ದಾಗ ಕಣ್ಣು ಕತ್ತಲೆ ಬರುತ್ತದೆ ಅಂತಾಳೆ, ಬೆಳಗ್ಗೆ ಜಾಸ್ತಿ. ಮುಖ ತೊಳೆಯುವಾಗ ಏನಿಲ್ಲ.

ವಾರ್ಡ್ ಸಿಸ್ಟರ್

ಹೈಡ್ರೋಕ್ಲೋರೋಥಯಾಜೈಡ್ ಅಂತ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ನಾನು ಸರ್ಕಾರಿ ದವಾಖಾನೆಯಲ್ಲಿ ನರ್ಸ್.

ಅವ್ವನ ಸೋಡಿಯಂ ಪರೀಕ್ಷೆ ಮಾಡಿಸಿ. ತಡ ಮಾಡಬೇಡಿ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಇಂಥ ಖಿನ್ನತೆಯ ಗುಳಿಗೆಗಳು ಕೆಲವರಲ್ಲಿ ಮೈಯಲ್ಲಿ ನೀರು ಉಳಿಯುವ ಹಾಗೆ ಮಾಡಿ ರಕ್ತದ ಸೋಡಿಯಂ ಇಳಿಸುತ್ತವೆ. ಆ ಬಿಪಿ ಗುಳಿಗೆ ಮೂತ್ರ ಹೋಗಿಸುವ ಜಾತಿಯದು, ಅದೂ ಸೋಡಿಯಂ ಇಳಿಸುತ್ತದೆ. ಎರಡೂ ಒಟ್ಟಿಗೆ ಇದ್ದು, ವಯಸ್ಸು ಅರವತ್ತೈದು ದಾಟಿ, ಹೆಣ್ಣುಮಗಳಾಗಿದ್ದರೆ ಅಪಾಯ ಜಾಸ್ತಿ. ಸೋಡಿಯಂ 135ರಿಂದ 145 ಇರಬೇಕು. ಸ್ವಲ್ಪ ಇಳಿದರೂ ನಡಿಗೆ ಕೆಡುತ್ತದೆ, ಮಂಪರು ಬರುತ್ತದೆ. ಜಾಸ್ತಿ ಇಳಿದರೆ ವಾಂತಿ, ಗೊಂದಲ, ಫಿಟ್ಸ್. ಅಂಥದ್ದು ಕಂಡರೆ ರಾತ್ರಿಯಾದರೂ ಸರಿ, ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿ.

ನಮ್ಮ ಕಡೆ ಇನ್ನೊಂದು ಇದೆ. ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಲು. ಬಿಪಿ ಇದೆ ಅಂತ ಊಟ ಸಪ್ಪೆ. ಬೆವರಲ್ಲಿ ಉಪ್ಪು ಹೋಗುತ್ತದೆ, ಮೇಲಿಂದ ಚೊಂಬುಗಟ್ಟಲೆ ಬರೀ ನೀರು. ಸೋಡಿಯಂ ಇಳಿದವರಿಗೆ ಅತಿಯಾದ ನೀರು ಇನ್ನೂ ಕೆಡುಕು. ಹಾಗಂತ ನೀವೇ ಉಪ್ಪು ಸುರಿದು ಕೊಡಬೇಡಿ, ನೀರನ್ನೂ ನೀವೇ ಬಿಗಿ ಹಿಡಿಯಬೇಡಿ. ರಿಪೋರ್ಟ್ ನೋಡಿ ಡಾಕ್ಟರ್ ಹೇಳಲಿ.

ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿಸಿ. ಐದು ನಿಮಿಷ ಮಲಗಿದ ಮೇಲೆ ಒಂದು ಸಲ, ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬೀಳುವ ಬಿಪಿ. ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಇದು ಸಿಗುವುದೇ ಇಲ್ಲ. ಅಮಿಟ್ರಿಪ್ಟಿಲಿನ್‌ನಂಥ ಹಳೇ ಗುಳಿಗೆಗಳಲ್ಲಿ ಇದು ಇನ್ನೂ ಜಾಸ್ತಿ.

ಹುಮನಾಬಾದ್ ಮೆಡಿಕಲ್

ಸಿಸ್ಟರ್ ಸರಿಯಾಗಿ ಹೇಳಿದರು. ಸಿನ್ನರಿಜಿನ್ ಬಗ್ಗೆ ಒಂದು ಮಾತು. ಕೆಲವು ದಿನಕ್ಕೆ ಪರವಾಗಿಲ್ಲ. ವಯಸ್ಸಾದವರು ತಿಂಗಳುಗಟ್ಟಲೆ ತಗೊಂಡರೆ ಕೈ ನಡುಕ, ಮೈ ಬಿಗಿತ, ಸಣ್ಣ ಸಣ್ಣ ಹೆಜ್ಜೆ, ಅಂದರೆ ಪಾರ್ಕಿನ್ಸನ್‌ನಂಥ ಲಕ್ಷಣ ಬರಬಹುದು. ಚಕ್ಕರ್‌ಗೆ ಕೊಟ್ಟದ್ದೇ ನಡಿಗೆ ಕೆಡಿಸುತ್ತದೆ. ಒಂದು ಗುಳಿಗೆಯ ತೊಂದರೆಗೆ ಇನ್ನೊಂದು, ಅದರ ತೊಂದರೆಗೆ ಮತ್ತೊಂದು, ಹೀಗೆ ಚೀಟಿ ಉದ್ದ ಆಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಸೇಡಂ ಕಾಕಾ

ಇಷ್ಟೆಲ್ಲ ಓದಿದೆ. ನನ್ನ ತಮ್ಮನ ಹೆಂಡತಿಯೂ ಇದೇ ಗುಳಿಗೆ ತಗೊಳ್ಳುತ್ತಿದ್ದಳು. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿಯಿತು, ಸೊಲ್ಲಾಪುರಕ್ಕೆ ಒಯ್ದು ಆಪರೇಷನ್ ಮಾಡಿಸಿದೆವು. ಇನ್ನೂ ಕೋಲು ಹಿಡಿದೇ ನಡೆಯುತ್ತಾಳೆ. ನೀವು ಓದಿದವರು ಏನೇ ಹೇಳಿ, ಗುಳಿಗೆ ಬಿಡಿಸಿ, ಪ್ರಾಣಾಯಾಮ ಕಲಿಸಿ. ಮನಸ್ಸಿನ ಕಾಯಿಲೆಗೆ ಮನಸ್ಸೇ ಮದ್ದು ಅಂತ ನನ್ನ ನಂಬಿಕೆ.

ಬೀದರ್ ಫಿಸಿಯೋ

ಕಾಕಾ, ನಿಮ್ಮ ಮನೆಯಲ್ಲಿ ಆದದ್ದು ಸಣ್ಣ ಮಾತಲ್ಲ. ನಿಮ್ಮ ಆತಂಕಕ್ಕೆ ಆಧಾರವೂ ಇದೆ. ವಯಸ್ಸಾದವರಿಗೆ ಯಾವ ಔಷಧ ಬೇಡ ಅಂತ ಅಮೆರಿಕದ ವೃದ್ಧರ ವೈದ್ಯರ ಸಂಘ ಬಿಯರ್ಸ್ ಪಟ್ಟಿ ಅಂತ ಒಂದನ್ನು ಇಟ್ಟುಕೊಂಡಿದೆ, 2023ರಲ್ಲಿ ಮತ್ತೆ ತಿದ್ದಿದ್ದಾರೆ. ಒಮ್ಮೆ ಬಿದ್ದ ಅಥವಾ ಎಲುಬು ಮುರಿದ ವೃದ್ಧರಿಗೆ ಬೇರೆ ದಾರಿ ಇದ್ದರೆ ಖಿನ್ನತೆಯ ಗುಳಿಗೆ ಬೇಡ ಅಂತ ಅದರಲ್ಲಿದೆ. ಹಳೇವೂ ಹೊಸವೂ ಎಲ್ಲ ಸೇರಿ. ಮಿದುಳಿನ ಮೇಲೆ ಕೆಲಸ ಮಾಡುವ ಮೂರು ಔಷಧ ಒಟ್ಟಿಗೆ ಬೇಡ ಅಂತಲೂ ಇದೆ. ಈ ಗುಳಿಗೆ ತಗೊಳ್ಳುವ ವಯಸ್ಸಾದವರಲ್ಲಿ ಎಲುಬು ಮುರಿತ ಜಾಸ್ತಿ ಕಂಡಿದೆ ಅನ್ನುವುದೂ ನಿಜ.

ಆದರೆ ಇನ್ನೊಂದು ಮಗ್ಗುಲು ನೋಡಿ. ಖಿನ್ನತೆಯೇ ನಡಿಗೆ ಕೆಡಿಸುತ್ತದೆ. ಹೆಜ್ಜೆ ಸಣ್ಣದಾಗುತ್ತದೆ, ಬೆನ್ನು ಬಾಗುತ್ತದೆ, ಗಮನ ಇರುವುದಿಲ್ಲ. ಊಟ ಬಿಟ್ಟು ಮಲಗಿದಲ್ಲೇ ಇದ್ದರೆ ತೊಡೆ ಸೊರಗುತ್ತದೆ. ಗುಳಿಗೆ ಇಲ್ಲದ ಖಿನ್ನತೆಯವರೂ ಬೀಳುತ್ತಾರೆ, ಹಾಗಾಗಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಗುಳಿಗೆಯದು ಅಂತ ಬಿಡಿಸುವುದು ಕಷ್ಟ. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ತೂರಾಟ, ತಲೆಸುತ್ತಿನ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ 2017ರಲ್ಲಿ ಒಂದು ಬಗೆಯ ತೂರಾಟಕ್ಕೆ ಲಕ್ಷಣ ಬರೆದುಕೊಟ್ಟಿತು. ಮೂರು ತಿಂಗಳಿಗಿಂತ ಜಾಸ್ತಿ ಕಾಲ, ನಿಂತಾಗ, ನಡೆದಾಗ, ಜನಜಂಗುಳಿಯಲ್ಲಿ ಹೆಚ್ಚುವ ತೂರಾಟ. ಅದಕ್ಕೆ ಕೊಡುವ ಮದ್ದುಗಳಲ್ಲಿ ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್ ಕೂಡ ಸೇರಿವೆ! ಅಂದರೆ ಒಬ್ಬರಿಗೆ ಆಯ ತಪ್ಪಿಸುವ ಗುಳಿಗೆ ಇನ್ನೊಬ್ಬರಿಗೆ ಆಯ ಕೊಡುತ್ತದೆ.

ಪ್ರಾಣಾಯಾಮ ಮಾಡಲಿ ಕಾಕಾ, ಬೇಡ ಅನ್ನುವುದಿಲ್ಲ. ಗುಳಿಗೆ ಬಿಡಿಸಿ ಅದನ್ನು ಕೂರಿಸುವುದು ಬೇಡ. ನಿಮ್ಮ ನಾದಿನಿಗೆ ಎಲುಬಿನ ಸಾಂದ್ರತೆ, ಡಿ ವಿಟಮಿನ್ ನೋಡಿಸಿದ್ದೀರಾ?

ಸೇಡಂ ಕಾಕಾ

ಇಲ್ಲಮ್ಮ. ಎಲುಬು ಕೂಡಿಸಿ ಕಳಿಸಿದರು, ಅಷ್ಟೇ. ಸರಿ, ಈ ವಾರ ನೋಡಿಸುತ್ತೇನೆ. ಆಕೆಯ ಸ್ಟ್ರಿಪ್‌ನ ಹಿಂದೆಯೂ ಓದುತ್ತೇನೆ.

ಶಹಾಪುರ ಮೇಷ್ಟ್ರು

ಮುಖ ತೊಳೆಯುವಾಗ ವಾಲುವುದು ಅಂತ ಮೇಡಂ ಬರೆದದ್ದು ನನ್ನ ತಂದೆಯವರ ಕಥೆ. ಅವರೂ ಖಿನ್ನತೆಯ ಗುಳಿಗೆ ತಗೊಳ್ಳುತ್ತಿದ್ದರು, ನಾವೂ ಅದನ್ನೇ ಅನುಮಾನಿಸುತ್ತಿದ್ದೆವು. ಕತ್ತಲಲ್ಲಿ ನಡೆಯಲು ಆಗುತ್ತಿರಲಿಲ್ಲ, ಪಾದದಲ್ಲಿ ಜೋಮು, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಬಿ12 ನೋಡಿದರೆ ತೀರಾ ಕಡಿಮೆ. ಜನ್ಮತಃ ಶಾಕಾಹಾರಿ, ಜೊತೆಗೆ ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ. ಆ ಗುಳಿಗೆ ಬಿ12 ಇಳಿಸುತ್ತದೆ ಅಂತ ಆಗ ತಿಳಿಯಿತು. ಬಿ12 ಇಲ್ಲದಿದ್ದರೆ ಬೆನ್ನುಹುರಿಯಲ್ಲಿ ಪಾದದ ಸುದ್ದಿ ಒಯ್ಯುವ ನರಗಳೇ ಹಾಳಾಗುತ್ತವೆ. ಇಂಜೆಕ್ಷನ್ ಕೊಟ್ಟ ಮೇಲೆ ನಡಿಗೆ ಬಹಳ ಸುಧಾರಿಸಿದೆ, ಜೋಮು ಪೂರ್ತಿ ಹೋಗಿಲ್ಲ. ಇನ್ನೂ ಮೊದಲೇ ಹಿಡಿದಿದ್ದರೆ ಪೂರ್ತಿ ಹೋಗುತ್ತಿತ್ತೇನೋ. ಬಿ12 ಕಡಿಮೆ ಆದರೆ ಮನಸ್ಸೂ ಕುಗ್ಗುತ್ತದೆ ಅಂತ ಡಾಕ್ಟರ್ ಹೇಳಿದ್ದು ನಮ್ಮನ್ನು ಬಹಳ ಕಾಡಿತು. ನಮ್ಮ ಭಾಗದಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಪಲ್ಯ ಚೆನ್ನಾಗಿ ಉಂಡರೂ ಅದರಲ್ಲಿ ಬಿ12 ಇರುವುದಿಲ್ಲ. ಹಾಲು, ಮೊಸರಿನಿಂದ ಸ್ವಲ್ಪ ಬರಬೇಕು ಅಷ್ಟೇ.

ಆಳಂದದವ

ನಡುವೆ ನನ್ನದೊಂದು ಪ್ರಶ್ನೆ. ನನಗೆ ಇಪ್ಪತ್ತೊಂಬತ್ತು, ಊರು ಆಳಂದ, ಕೆಲಸ ಬೆಂಗಳೂರಲ್ಲಿ. ವೆನ್ಲಾಫ್ಯಾಕ್ಸಿನ್ ತಗೊಳ್ಳುತ್ತೇನೆ. ಗುಳಿಗೆ ತಗೊಳ್ಳುವುದು ಸಂಜೆಗೆ ತಡವಾದ ದಿನ ಬೈಕ್‌ನಲ್ಲಿ ತಿರುವು ಬಂದಾಗ ತಲೆ ಅಲ್ಲೇ ಉಳಿದು ಮೈ ಮುಂದೆ ಹೋದಂತೆ ಆಗುತ್ತದೆ. ಈಗ ಆರಾಮಾಗಿದ್ದೇನೆ, ಬಿಡಬೇಕು ಅಂತಿದೆ. ಬಿಟ್ಟರೂ ಇದು ಹೀಗೇ ಉಳಿಯುತ್ತದೆಯಾ?

ಯಾದಗಿರಿ ಹುಡುಗ

ಅಣ್ಣಾ, ಅಂಥ ದಿನ ಬೈಕ್ ಮುಟ್ಟಬೇಡಿ. ದಿನಾ ಒಂದೇ ಹೊತ್ತಿಗೆ ತಗೊಳ್ಳಿ. ಬಿಡುವುದಾದರೆ ಡಾಕ್ಟರ್ ಜೊತೆ ಕೂತು, ತಿಂಗಳುಗಳ ಲೆಕ್ಕದಲ್ಲಿ ಇಳಿಸಬೇಕು. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಅನ್ನುವ ಇಬ್ಬರು ಬರೆದದ್ದು ನನಗೆ ಬಹಳ ಉಪಯೋಗ ಆಯಿತು. ಮಾಮೂಲಿ ಪ್ರಮಾಣದ ಕೆಳ ತುದಿಯಲ್ಲೇ ಗುಳಿಗೆ ಮಿದುಳಿನಲ್ಲಿ ತಾನು ಕೆಲಸ ಮಾಡುವ ಜಾಗಗಳಲ್ಲಿ ಹೆಚ್ಚಿನ ಪಾಲನ್ನು ಹಿಡಿದಿರುತ್ತದೆ. ಹಾಗಾಗಿ ಮೊದಲ ಅರ್ಧ ಇಳಿಸುವುದು ಸುಲಭ, ಕೊನೆಯ ಚೂರು ಬಿಡುವುದೇ ಕಠಿಣ. ಕೆಳಗೆ ಬಂದಂತೆ ಇನ್ನೂ ಸಣ್ಣ ಸಣ್ಣದಾಗಿ ಇಳಿಸಬೇಕು. ಬಹಳ ಜನರಿಗೆ ಕೆಲವು ವಾರಗಳಲ್ಲಿ ತೂರಾಟ ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ನಿಮ್ಮದು ಕ್ಯಾಪ್ಸೂಲ್ ಇದ್ದರೆ ಅಗಿಯಬೇಡಿ, ಪುಡಿ ಮಾಡಬೇಡಿ.

ಕಲಬುರಗಿ ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಮನೋವೈದ್ಯರಿಗೂ ಫಿಸಿಷಿಯನ್‌ಗೂ ತೋರಿಸಿ ಬಂದೆವು. ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದೆ.

ಸೋಡಿಯಂ 128 ಬಂತು. ಮಲಗಿದಾಗ ಬಿಪಿ 138/80, ನಿಂತಾಗ 112/70. ಸಿಸ್ಟರ್, ನೀವು ಹೇಳದಿದ್ದರೆ ನಿಲ್ಲಿಸಿ ನೋಡಿ ಅಂತ ಕೇಳುವುದು ನನಗೆ ಹೊಳೆಯುತ್ತಲೇ ಇರಲಿಲ್ಲ. ಬಿಪಿಯ ಜೋಡಿ ಗುಳಿಗೆ ತೆಗೆದು ಮೂತ್ರ ಹೋಗಿಸುವ ಆ ಥಯಾಜೈಡ್ ಇಲ್ಲದ್ದನ್ನು ಕೊಟ್ಟಿದ್ದಾರೆ. ಸಿನ್ನರಿಜಿನ್ ನಿಲ್ಲಿಸಿದರು. ಎಸ್ಸಿಟಲೋಪ್ರಾಮ್ ಮತ್ತು ಕ್ಲೋನಾಜೆಪಾಮ್ ಬೇರೆ ಬೇರೆ ಗುಳಿಗೆಯಾಗಿ ಬರೆದರು, ಎರಡನೆಯದನ್ನು ಮಾತ್ರ ತಿಂಗಳುಗಳ ಮೇಲೆ ಸಣ್ಣ ಸಣ್ಣದಾಗಿ ಇಳಿಸುತ್ತಾರಂತೆ. ಖಿನ್ನತೆಯ ಗುಳಿಗೆಯನ್ನು ಈಗ ಮುಟ್ಟುವುದಿಲ್ಲ. ಸೋಡಿಯಂ ಮೇಲೆ ಬರದಿದ್ದರೆ ಮಿರ್ಟಾಜಪಿನ್ ಅನ್ನುವ ಇನ್ನೊಂದು ಖಿನ್ನತೆಯ ಗುಳಿಗೆಗೆ ಬದಲಿಸುವ ಯೋಚನೆ ಇದೆ, ಅದರಲ್ಲಿ ಸೋಡಿಯಂ ಇಳಿಯುವ ಅಪಾಯ ಕಡಿಮೆ ಅಂದರು. ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ.

ಅವ್ವ ಡಾಕ್ಟರ್‌ಗೆ ಒಂದೇ ಮಾತು ಕೇಳಿದಳು: "ನನಗೆ ಹುಚ್ಚು ಹಿಡಿದಿಲ್ಲ ಅಲ್ರೀ?" ಕಾಲು ತೂರಾಡುವುದನ್ನು ಅವಳು ತಲೆ ಕೆಡುವ ಲಕ್ಷಣ ಅಂದುಕೊಂಡು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತಿದೆ.

ವಾರ್ಡ್ ಸಿಸ್ಟರ್

ಒಳ್ಳೆಯದಾಯಿತು ಅಕ್ಕಾ. ಇಲ್ಲಿ ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಮನೋವೈದ್ಯರಿಗಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇರುತ್ತದೆ, ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಫೋನಿನಲ್ಲಿ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಅವ್ವ ಬಿದ್ದು ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ತೋರಿಸಿ. ಎಸ್ಸಿಟಲೋಪ್ರಾಮ್‌ನಂಥ ಗುಳಿಗೆ ತಗೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿ, ಆಸ್ಪಿರಿನ್ ಜೊತೆಗಿದ್ದರೆ ಇನ್ನೂ ಜಾಸ್ತಿ.

ಕಲಬುರಗಿ ಮಗಳು

ಆಸ್ಪಿರಿನ್ ಇಲ್ಲ ಸಿಸ್ಟರ್. ಫಿಸಿಯೋ ಮೇಡಂ, ವ್ಯಾಯಾಮ ಈಗಲೇ ಶುರು ಮಾಡಬಹುದಾ? ಮನೆ ತುಂಬ ಶಹಾಬಾದ್ ಕಲ್ಲು, ನೀರು ಬಿದ್ದರೆ ಜಾರುತ್ತದೆ.

ಬೀದರ್ ಫಿಸಿಯೋ

ಸೋಡಿಯಂ ಮೇಲೆ ಬಂದು ಡಾಕ್ಟರ್ ಸರಿ ಅನ್ನುವವರೆಗೆ ನಿಂತು ಮಾಡುವುದು ಯಾವುದೂ ಬೇಡ. ಅಲ್ಲಿವರೆಗೆ ಕುರ್ಚಿಯಲ್ಲಿ ಕೂತು ಮೊಣಕಾಲು ನೇರ ಮಾಡುವುದು, ಹಿಮ್ಮಡಿ ಎತ್ತಿ ಇಳಿಸುವುದು ಸಾಕು. ಏಳುವ ಮೊದಲು ಮಂಚದ ಅಂಚಿಗೆ ಕೂತು ಪಾದ ಮೇಲೆ ಕೆಳಗೆ ಆಡಿಸಲಿ, ಆಮೇಲೆ ನಿಲ್ಲಲಿ. ಬಿಪಿ ದಿಢೀರ್ ಬೀಳುವುದು ಇದರಿಂದ ಸ್ವಲ್ಪ ತಪ್ಪುತ್ತದೆ.

ಆಮೇಲೆ ಅಡಿಗೆಮನೆ ಕಟ್ಟೆ ಹಿಡಿದು ಎರಡು ಪಾದ ಕೂಡಿಸಿ ನಿಲ್ಲುವುದು, ಕೆಲವು ದಿನದ ಮೇಲೆ ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಿಲ್ಲುವುದು. ನೀವು ಪಕ್ಕದಲ್ಲೇ ಇರಬೇಕು. ಪ್ಲಾಸ್ಟಿಕ್ ಕುರ್ಚಿ ಹಿಡಿಯಲು ಬಿಡಬೇಡಿ, ಅದು ಜಾರುತ್ತದೆ. ಬಚ್ಚಲಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ, ನಲ್ಲಿಯ ಪೈಪನ್ನೋ ಟವೆಲ್ ರಾಡನ್ನೋ ನಂಬಬೇಡಿ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಕೊಡಿಸಿ. ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಮುಂದಿನ ವಾರದ ರಿಪೋರ್ಟ್ ಇಲ್ಲಿ ಹಾಕಿ, ನೋಡಿ ಮುಂದಿನದು ಹೇಳುತ್ತೇನೆ.